ಜೋಡಿಗೂಡು

ಹೋದ ಸಲ ಹನ್ನೊಂದು ಅಂಕಕ್ಕೆ ಹೋಯಿತು.
ಈ ಸಲದ ಫೀಸು ಅಮ್ಮಿಯ ಚೀಟಿ ದುಡ್ಡು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಆಫೀಸಿನವರು
ಗುಜರಿಗೆ ಹಾಕಿದ ಡಬ್ಬ, ಎಂಟು ಜಿಬಿ ರ್‍ಯಾಮ್.
ಅದರೊಳಗೆ ಮೂರು ಸರ್ವರ್ ಎಬ್ಬಿಸಿದ್ದೇನೆ.
ಒಂದು ಏಳುವಾಗ ಇನ್ನೊಂದು ತೂಕಡಿಸುತ್ತದೆ,
ಮೂರನೆಯದು ಜಾಗ ಸಾಲದೆ ಸುಮ್ಮನೆ ಸಾಯುತ್ತದೆ.
ಆದರೂ ಪ್ರತಿಯೊಂದಕ್ಕೂ ನಂಬಿಕೆ:
ಇಡೀ ಮನೆ ತನ್ನದೇ.
ಆ ನಂಬಿಕೆ ಕೆಡದಂತೆ ಕಾಯುವುದೇ
ಅಡ್ಮಿನ್ ಕೆಲಸ. ನೂರಾ ನಾಲ್ಕನೇ ಪುಟ.

ಪಕ್ಕದ ಕೋಣೆಯಿಂದ ಬೇಯುವ ಹುಳದ ವಾಸನೆ.
ಅಮ್ಮಿ ನಾಳೆಯ ಗೂಡು ಆರಿಸುತ್ತಿದ್ದಾಳೆ.
ಎರಡು ಹುಳ ಸೇರಿ ಕಟ್ಟಿದ್ದು ಬೆರಳಿಗೇ ಗೊತ್ತು;
ಎಳೆ ಸಿಕ್ಕು, ಬಿಚ್ಚಾಣಿಕೆಗೆ ಬಾರದು,
ಹರಕು ಬುಟ್ಟಿಗೆ.

"ಒಂದರೊಳಗೆ ಎಷ್ಟು ಅಂದೆ, ಶಮೀಮ್?"
ಮೂರು.
"ಎಳೆ?"
ಬೇರೆ ಬೇರೆ, ಅಮ್ಮಿ. ಒಂದರದು ಇನ್ನೊಂದಕ್ಕೆ ತಾಕುವುದಿಲ್ಲ.
ನಗಲಿಲ್ಲ. ಒಂದು ಜೋಡಿಗೂಡನ್ನು
ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದಳು:
"ತಾಕದೇ ಇರ್ತಾವಾ?"

ಒಂಬತ್ತೂವರೆಗೆ ಕರೆಂಟು ಹೋಯಿತು.
ಮೂರೂ ಒಟ್ಟಿಗೆ.
ಸ್ನ್ಯಾಪ್‌ಶಾಟ್ ತೆಗೆದಿರಲಿಲ್ಲ ನಾನು.

ಕತ್ತಲಲ್ಲಿ ಬುಟ್ಟಿಗೆ ಒಂದು ಗೂಡು ಬಿದ್ದ ಸದ್ದು.
ಸ್ವಲ್ಪ ಹೊತ್ತಿಗೆ
ಇನ್ನೊಂದು.