ಬಲಗಡೆಯ ಸ್ಟೀರಿಂಗು

ಬಾರ್‌ಲೈನ್ ರಸ್ತೆಯ ಇನಾಯತ್ ಸಾಬರ ಗುಜರಿಯಲ್ಲಿ
ಹಳೇ ಪೇಪರಿನ ತೂಕಕ್ಕೇ ಸಿಕ್ಕಿತು:
ಮುಚ್ಚಳ ಹರಿದ ರಟ್ಟಿನ ಡಬ್ಬಿ,
ಒಳಗೆ ಯಾರೋ ಎಂದೋ ಜೋಡಿಸಿ, ಆಡಿ, ಕೈಬಿಟ್ಟ
ಪ್ಲಾಸ್ಟಿಕ್ಕಿನ ಕಾರು.
ಅಸಲಿಯ ಇಪ್ಪತ್ತನಾಲ್ಕನೇ ಒಂದು ಪಾಲು.
"ಮೊಮ್ಮಗನಿಗಾ, ಗಂಗಾಂಬಿಕಮ್ಮ?"
"ನನಗೇ" ಅಂದೆ.
ಸಾಬರು ಒಂದು ಗಳಿಗೆ ತಕ್ಕಡಿ ನೋಡಿದರು,
ಎರಡು ರೂಪಾಯಿ ಬಿಟ್ಟರು.

ಇಪ್ಪತ್ತೇಳು ವರ್ಷ ವಾಚ್ ಫ್ಯಾಕ್ಟರಿಯಲ್ಲಿ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಸಾಸಿವೆಗಿಂತ ಸಣ್ಣ ಸ್ಕ್ರೂಗಳ ಜೊತೆ ಬಾಳಿದವಳು.
ಕಾರ್ಖಾನೆಗೆ ಬೀಗ ಬಿತ್ತು,
ಬೆರಳುಗಳಿಗೆ ಯಾರೂ ಹೇಳಲಿಲ್ಲ.
ಅಕ್ಕಿ ಆರಿಸುವಾಗಲೂ ಅವು
ಚಿಮಟ ಹುಡುಕುತ್ತಿದ್ದವು.

ಮೊದಲು ಫ್ರೀಜರಿಗೆ.
ಹಿತಕಿದ ಅವರೆಕಾಳಿನ ಪಕ್ಕ ಎರಡು ರಾತ್ರಿ ಮಲಗಿದರೆ
ಹಳೇ ಅಂಟು ಸೆಟೆದುಕೊಂಡು,
ಉಗುರು ಸೋಕಿಸಿದರೆ ಸಾಕು, ಟಿಕ್ಕೆಂದು ಬಿಡುತ್ತದೆ.
ಐಸ್‌ಕ್ರೀಮೆಂದು ಕವರು ಬಿಚ್ಚಿದ ಸೊಸೆ
"ಅತ್ತೆ, ಇದ್ಯಾರ ಆಕ್ಸಿಡೆಂಟು?" ಅಂದಳು.

ಆಮೇಲೆ ಬ್ರೇಕ್ ಆಯಿಲ್ಲಿನ ಸ್ನಾನ.
ಮೇಲಿನ ಪದರ, ಗೇಟಿಗೆ ಬಳಿಯುವ ಬೆಳ್ಳಿ.
ಅದರಡಿ ಉಗುರುಬಣ್ಣದ ಕೆಂಪು,
ಅಕ್ಕನ ಶೀಶೆ ಕದ್ದಿದ್ದಿರಬೇಕು,
ಬಾನೆಟ್ಟಿಗೆ ಬರುವಷ್ಟರಲ್ಲಿ ಮುಗಿದೇಹೋಗಿತ್ತು.
ಎಲ್ಲಕ್ಕೂ ಕೆಳಗೆ, ಹುಟ್ಟಾ ಬಿಳಿ.

ಹಳದಿಗಟ್ಟಿದ ನಂಬರಿನ ಹಾಳೆಯನ್ನು
ಕಿಟಕಿಯ ಗಾಜಿಗೆ ಅಂಟಿಸಿಟ್ಟೆ.
ದೇವರಾಯನದುರ್ಗದ ಕಡೆಯಿಂದ ಏರಿ ಬರುವ ಬಿಸಿಲು
ಹತ್ತು ಬೆಳಗು ಕೂತು ಹಳದಿಯನ್ನೆಲ್ಲ ತಿಂದಿತು.
ಪೆಟ್ರೋಲ್ ಮುಚ್ಚಳ ಕಳೆದಿತ್ತು.
ಲೇಡೀಸ್ ವಾಚಿನ ಕೀಲಿಗುಬ್ಬಿ ಅಲ್ಲಿ ಸರಿಯಾಗಿ ಕೂತಿತು,
ನಾವಿಬ್ಬರೂ ಕೆಲಸಕ್ಕೆ ಮರಳಿದೆವು.
ಮಿಕ್ಕ ಕಡ್ಡಿಯನ್ನು ದೀಪದ ಮೇಲೆ ಕಾಯಿಸಿ ಎಳೆದರೆ
ಶ್ಯಾವಿಗೆಗಿಂತ ಸಣ್ಣ ಏರಿಯಲ್ಲು. ಮೂರು ಮುರಿದೆ.
ನಾಲ್ಕನೆಯದಕ್ಕೆ ಉಸಿರು ಬಿಗಿಹಿಡಿದಿದ್ದೆ.

ಇಷ್ಟೆಲ್ಲ ಮೇಲುಕೆಲಸ.
ಒಳಗನ್ನು ಬಿಡಿಸಿ ಹರಡಿದ ದಿನ
ಡ್ಯಾಶ್‌ಬೋರ್ಡು ನನ್ನ ಕೈ ಹಿಡಿದು ನಿಲ್ಲಿಸಿತು.

ಡಬ್ಬಿಯ ಹಾಳೆಯಲ್ಲಿ ಸ್ಟೀರಿಂಗು ಎಡಕ್ಕೆ.
ಪರದೇಶದ ಕಾರು, ಅವರ ರಸ್ತೆ, ಅವರ ಪದ್ಧತಿ.
ಇಲ್ಲಿ ಬಲಕ್ಕಿತ್ತು.
ಬ್ಲೇಡಿನಲ್ಲಿ ಮೀಟರು ಕೊಯ್ದು ಆಚೆ ಕೂರಿಸಿ,
ಕಾದ ದಬ್ಬಳದಿಂದ ಹೊಸ ತೂತು ಕೊರೆದು,
ಎಡಗಡೆಯ ಹಳೇ ತೂತಿಗೆ ಬೆಂಕಿಕಡ್ಡಿ ತುರುಕಿ
ಮಟ್ಟಸ ಕತ್ತರಿಸಿತ್ತು ಯಾವುದೋ ಪುಟ್ಟ ಕೈ.
ಪೆಡಲುಗಳೂ ಗುಳೆ ಬಂದಿದ್ದವು,
ಮೂರರಲ್ಲಿ ಎರಡು.

ಲಾರಿ ಡ್ರೈವರನ ಮಗನೋ,
ಗುಬ್ಬಿ ಗೇಟಿನಲ್ಲಿ ಬಸ್ಸು ನೋಡುತ್ತ
ಸ್ಕೂಲಿಗೆ ತಡವಾಗಿ ಏಟು ತಿಂದವನೋ,
ಹುಡುಗಿಯೇ ಇದ್ದರೂ ಇದ್ದೀತು. ಗೊತ್ತಿಲ್ಲ.
ಈ ಕಾರು ಓಡಬೇಕಾದ್ದು ಶಿರಾ ರೋಡಿನಲ್ಲಿ ಅನ್ನುವುದು
ಆ ಮಗುವಿಗೆ ಗೊತ್ತಿತ್ತು.

ನನ್ನ ಮೇಜಿಗೆ ಬಂದಿದ್ದರೆ ಇದು ರಿಜೆಕ್ಟು.
ಕೂದಲೆಳೆ ವಾರೆಯಾದ ಮುಳ್ಳಿಗೂ ಕೆಂಪು ಚೀಟಿ ಕಟ್ಟಿದವಳು ನಾನು.
ಹೊಸದಾಗಿ ಸೇರಿದ ಕಾಂತಲಕ್ಷ್ಮಿಯ ಟ್ರೇ ಒಮ್ಮೆ
ಇಡಿಯಾಗಿ ವಾಪಸು ಕಳಿಸಿದ್ದೆ.
ಆ ಮಧ್ಯಾಹ್ನ ಅವಳು
ಬುತ್ತಿಯ ಮುಚ್ಚಳ ತೆಗೆಯಲಿಲ್ಲ.
ನಾನು ತೆಗೆದೆ, ಉಂಡೆ.
ಚಿತ್ರಾನ್ನವಿತ್ತು ಅವತ್ತು, ಇನ್ನೂ ನೆನಪಿದೆ.

ಪುಟ್ಟಿ ಇತ್ತು, ಅರವಿತ್ತು,
ಎಡಕ್ಕೆ ತಿರುಗಿಸಲು ಒಂದು ಸಂಜೆ ಸಾಕಿತ್ತು.
ಕಳೆದ ಪೆಡಲೊಂದನ್ನು ಕೊಯ್ದು ಕೂರಿಸಿದೆ,
ಬಲಕ್ಕೆ.
ಬೆಂಕಿಕಡ್ಡಿಯ ಮೇಲೆ ಬಣ್ಣ ಹಾಯಿಸಲಿಲ್ಲ.
ಮೈಗೆ ಉಗುರುಬಣ್ಣದ ಕೆಂಪನ್ನೇ ತಂದೆ,
ಬಾನೆಟ್ಟಿಗೂ ಸಾಲುವಷ್ಟು, ಎರಡು ಶೀಶೆ.

ಸೊಸೆ ಬಗ್ಗಿ ಕಿಟಕಿಯೊಳಗೆ ಇಣುಕಿ
"ಮೀಟರು ವಾರೆ ಇದೆಯಲ್ಲ ಅತ್ತೆ" ಅಂದಳು.
ಭೂತಗನ್ನಡಿ ಕಣ್ಣಿಂದ ತೆಗೆದು
"ಹೂಂ, ಇದೆ" ಅಂದೆ. "ಪಾಸು."