ಹತ್ತೋರು, ಇಳಿಯೋರು

ಹತ್ತೊಂಬತ್ತು ವರ್ಷ ಖಾಕಿ ತೊಟ್ಟ ಮೈ ಇದು.
ಗಾಂಧಿ ಚೌಕದ ಅರಿವೆ ಅಂಗಡಿಯಲ್ಲಿ
ಥಾನು ಬಿಚ್ಚಿ ಒಗೆದರೆ
ಅರಿಷಿಣದ ಮೇಲೆ ಅಂಗೈಯಗಲ ಕರೀ ಮೀನ,
ಒಂದರ ಬೆನ್ನಿಗೊಂದು ಮೇಲಕ್ಕೆ ಹೊಂಟಿದ್ದವು.
"ಪರದೆಗೇನ್ರೀ?" ಅಂದ ಅಂಗಡಿಯವ.
"ಮೈಗೆ" ಅಂದೆ.
ಮೂರು ಮೀಟರ್ ಹರಿದ.
ಚಿಲ್ಲರೆ ಎಣಿಸಿ ಕೊಟ್ಟೆ. ಅದೊಂದು ಕೈಗೆ ಬರ್ತದ.

"ಮೊದಲ ನೀರು ಕುಡಸು,
ಹೊಲಿದ ಮ್ಯಾಲೆ ಕುಗ್ಗಿದ್ರ ನನಗ ಬೈಬ್ಯಾಡ"
ಅಂದಳು ಜೋರಾಪುರ ಪೇಟೆಯ ಶಮೀಮ್‌ಬಾನು.
ಬಕೀಟಿನಲ್ಲಿ ಹಿಡಿ ಉಪ್ಪು, ಇಡೀ ರಾತ್ರಿ.
ಬೆಳಗಾದರೆ ನೀರೆಲ್ಲ ಹಳದಿ.
ಮೀನ ಅಲ್ಲೇ ಇದ್ದವು,
ಒಂದೂ ಬಿಟ್ಟು ಹೋಗಿರಲಿಲ್ಲ.

ಹಳೇ ಖಾಕಿ ಅಂಗಿ ಬಿಚ್ಚಿ ಅದನ್ನೇ ಅಳತೆಗಿಟ್ಟೆ.
ಬೆನ್ನು, ಎದೆಯ ಎರಡು ಪಾಲು, ಎರಡು ತೋಳು,
ಹೆಗಲ ಮೇಲೆ ಚೀಲದ ಪಟ್ಟಿ ತಿಕ್ಕಿ ತಿಕ್ಕಿ ಬೆಳ್ಳಗಾದ ಗೀರು.
ತೊಳೆದುಳಿದ ಸಬಕಾರದ ಚೂರಿನಿಂದ ಗೆರೆ ಎಳೆದಳು ಬಾನು,
ನಡ ದಾಟಿಸಿ ಮೊಣಕಾಲತನಕ.
"ಸುತ್ತಲೂ ಬೆರಳಗಲ ಬಿಡು, ಹೊಲಿಗಿಗೂ ಜಾಗ ಬೇಕು."
"ನಮ್ಮ ಬಸ್ಸಿನಾಗ ಬೆರಳಗಲ ಯಾರೂ ಬಿಡೂದಿಲ್ಲ" ಅಂದೆ.

ಕತ್ತರಿ ಮೊದಲ ಸಲ ಕಚ್ಚಿದಾಗ ಕೈ ನಡುಗಿತು.
ಪೆಡಲು ಹಿಂದಕ್ಕೆ ತುಳಿದೆ, ದಾರ ಹರಿಯಿತು.
ಮುಂದಕ್ಕೆ ತುಳಿದೆ, ಬಾಬಿನ್ ಖಾಲಿ:
ಅರ್ಧ ಗಜ ಬರೇ ಸೂಜಿ ನಡೆದಿತ್ತು,
ತೂತುಗಳ ಸಾಲು ಮಾತ್ರ ಬಲು ನೆಟ್ಟಗೆ.
ಎಡಗೈ ತೋಳು ಬಲಕ್ಕೆ ಹೋಗಿ ಕೂತಿತು.
ಬ್ಲೇಡಿನ ತುಂಡಿನಿಂದ ಬಿಚ್ಚಿದೆ. ಮತ್ತೆ ಹಚ್ಚಿದೆ.
ಈ ಸಲ ಒಳಮೈ ಹೊರಗೆ.
ಶಮೀಮ್‌ಬಾನು ಬಾಯಲ್ಲಿ ಟಾಚಣಿ ಕಚ್ಚಿಕೊಂಡೇ ನಕ್ಕಳು,
ಒಂದೂ ಬೀಳಲಿಲ್ಲ.

ಎಲ್ಲ ಮುಗಿದು ಗಳುವಿಗೆ ತೂಗುಹಾಕಿ
ದೂರ ನಿಂತಾಗ ಕಂಡಿತು.
ಬಲದ ಪಾಲಿನ ಮೀನ ಮೇಲಕ್ಕೆ.
ಎಡದವು ತಲೆ ಕೆಳಗಾಗಿ ಅಂಚಿನ ಕಡೆಗೆ.
ಒಂದು ಪಾಲು ತಿರುವಿಟ್ಟು ಕತ್ತರಿಸಿದ್ದೆ.
ಉಳಿದದ್ದು ಎರಡು ಕಿಸೆಗಾಗುವಷ್ಟು ಅರಿವೆ.
ಅಂಗಡಿಗೆ ಓಡಿದರೆ ಥಾನು ಮುಗಿದಿತ್ತು.

ಮೂರು ದಿನ ತೂಗಿತು.
ಡ್ಯೂಟಿಗೆ ಹೋದೆ, ಬಂದೆ, ಅದರ ಕಡೆ ನೋಡಲಿಲ್ಲ.

ನಾಲ್ಕನೇ ದಿನ ಸಿಂದಗಿ ಬಸ್‌ಸ್ಟ್ಯಾಂಡ್.
ಒಂದೇ ಬಾಗಿಲಿಗೆ ಊರೆಲ್ಲ ನುಗ್ಗಿ,
ಗಂಟಲು ಹರಿಯುವಂತೆ ನಾನೇ ಒದರುತ್ತಿದ್ದೆ:
"ಇಳಿಯೋರಿಗೆ ಮೊದಲ ದಾರಿ ಬಿಡ್ರೀ, ಆಮ್ಯಾಲೆ ಹತ್ತೋರು!"
ಒದರುತ್ತ ಒದರುತ್ತ ನಗು ಬಂತು,
ತಡೆಯಲಾಗಲಿಲ್ಲ.
ಡ್ರೈವರ್ ಸಿದರಾಯ ಕನ್ನಡಿಯೊಳಗಿಂದ
ನನ್ನನ್ನೇ ನೋಡುತ್ತ ಕೂತ.

ಆಮೇಲೆ ಚಹದ ಬಿಡುವಿನಲ್ಲಿ ಅಂಚಿಗೆ ಕೈಹೊಲಿಗೆ,
ಒಂದು ಬಿಡುವಿಗೆ ಒಂದು ಗೇಣು.
ಚುಚ್ಚಿಸಿಕೊಂಡ ಬೆರಳಿಂದಲೇ ಟಿಕೆಟ್ಟು.

ರಜೆಯ ಬುಧವಾರ ತೊಟ್ಟು ಹೊರಬಿದ್ದೆ.
ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿತ್ತು,
ಆದರೆ ಕಂಕುಳಲ್ಲಿ, ಬೆನ್ನಲ್ಲಿ
ಖಾಕಿ ಎಂದೂ ಒಳಬಿಡದ ಗಾಳಿ.
ಜಲನಗರ ಸ್ಟಾಪಿಗೆ ಯಾವ ಬಸ್ಸು ಬಂತೋ ಅದನ್ನೇ ಹತ್ತಿ
ಕಿಡಕಿ ಬದಿಗೆ ಕೂತೆ.
ಕೈ ತಾನೇ ಸೊಂಟದ ಚೀಲ ಹುಡುಕಿತು,
ಒಂದು ಮೀನು ಸಿಕ್ಕಿತು.

ಕಂಡಕ್ಟರ್ ಹೊಸ ಹುಡುಗ,
ಮೀಸೆ ಇನ್ನೂ ಸರಿಯಾಗಿ ಕೂತಿಲ್ಲ.
"ಎಲ್ಲಿಗ್ರೀ ಅಕ್ಕಾ?"
ದಿನಕ್ಕೆ ಆರುನೂರು ಸಲ ನಾನು ಕೇಳುವ ಮಾತು.
ಉತ್ತರ ತಂದಿರಲಿಲ್ಲ.
"ಬಸ್ಸು ಹೊಳ್ಳೂ ತನಕ" ಅಂದೆ.
ಮಷೀನು ಕಿರ್ ಅಂದಿತು. ಸೊನ್ನೆ ರೂಪಾಯಿ ಚೀಟಿ.
ಗತ್ತಿನಿಂದ ಎಡಗಿಸೆಗೆ ಇಳಿಬಿಟ್ಟೆ.
ಅದು ನೇರ ಕಾಲಬಳಿ ಬಿತ್ತು.

ಕಿಸೆಯ ತಳ ಹೊಲಿಯುವುದು ಮರೆತಿದ್ದೆ.