ಪಾಪಾಸು

ಹಳೇಬೀಡಿನ ಗುಡಿ ಮುಂದೆ ಮೆಟ್ಟು ಕಾಯೋ ಕೆಲಸ ನಂದು.
ಜೊತೆಗೆ ಎರಡು ರೂಪಾಯಿ, ತಗಡಿನ ಬಿಲ್ಲೆ.
ದೇವರ ಮುಖ ನೋಡೋರು ಒಳಗೆ,
ಅವರ ಹಿಮ್ಮಡಿಯ ಸವೆತ ನೋಡೋಳು ನಾನು:
ಎಡಗಾಲಿಗೇ ಭಾರ ಹಾಕೋರು, ಬೆರಳು ಮಡಿಸಿ ನಡೆಯೋರು,
ಹೊಸ ಬೂಟಿನಿಂದ ಕಚ್ಚಿಸಿಕೊಂಡೋರು.

ಮಾರ್ಚಿಯ ನಡುಹಗಲು. ಹಾಸುಗಲ್ಲು ಕಾದ ಕಾವಲಿ.
ಇಟಲಿಯ ಮುದುಕಿಯೊಬ್ಬಳು, ಓರ್ಸೊಲಾ ಅಂತ ಹೆಸರು,
ಚೀಲದಿಂದ ಮೆತ್ತನೆ ಬಟ್ಟೆಯ ಮೆಟ್ಟು ತೆಗೆದಳು.
ಮನೆಯೊಳಗೆ ಹಾಕೋದು, ಇದನ್ನಾದರೂ ಬಿಡಿ ಅಂತ ಸನ್ನೆ.
ನಾನು ತಲೆ ಆಡಿಸಿದೆ, ಇಲ್ಲ ಅಂತ.
'ಬಬ್ಬೂಚ್ಚ' ಅಂದಳು, ಎದೆಗೊತ್ತಿಕೊಂಡು,
ಬೆಕ್ಕಿನ ಮರಿಯ ಹೆಸರು ಹೇಳಿದ ಹಾಗೆ.

ನನ್ನ ಕಿವಿಯಲ್ಲಿ ಏನೋ ಕಳಚಿ ಬಿತ್ತು.
ನಮ್ಮಜ್ಜಿ ಅಡಗೂರಿನವಳು, ಸಿಟ್ಟು ಬಂದರೆ
'ಪಾಪಾಸ್ ತಗೊಂಡ್ ಬಾರಿಸ್ತೀನಿ' ಅನ್ನೋಳು.
ಅವಳ ಕಾಲಲ್ಲಿ ಒಂದು ದಿನವೂ ಪಾಪಾಸು ಇರಲಿಲ್ಲ.
ಮಾತೊಂದೇ ಇತ್ತು, ಅದೇ ಸಾಕಾಗುತ್ತಿತ್ತು.

ಗೈಡು ಇಮ್ತಿಯಾಜ್ ನಕ್ಕ. 'ಅಕ್ಕಾ, ಪಾ ಅಂದ್ರೆ ಕಾಲು,
ಪೋಶ್ ಅಂದ್ರೆ ಹೊದಿಕೆ. ಫಾರಸಿ ಮಾತು.
ಮಂಚದ ಮೇಲೆ ಪಲಂಗ್‌ಪೋಸ್ ಹಾಸಲ್ವಾ, ಹಂಗೆ.
ಜೋಡಿಯಲ್ಲಿ ಒಂದು ಅರಬರ ಹಡಗು ಹತ್ತಿ ಅವರೂರಿಗೆ ಹೋಯ್ತು,
ಇನ್ನೊಂದು ಸಿಪಾಯಿಗಳ ಹಿಂದೆ ನಮ್ಮೂರಿಗೆ.'
ಹಡಗೋ ಕುದುರೆಯೋ, ಅವನೇನು ಕಂಡಿದ್ದಾನಾ?
'ಪ' ಅನ್ನಲು ಬಾರದ ಬಾಯೊಂದು ನಡುವೆ ಸಿಕ್ಕಿ
'ಬ' ಆಯಿತಂತೆ. ಅದನ್ನು ಮಾತ್ರ ನಂಬಿದೆ.
ನನ್ನ ಕೊನೇ ಮಗನೂ ಪುರಿಗೆ ಬುರಿ ಅಂತಿದ್ದ.

ಸುಟ್ಟ ಅಂಗಾಲಲ್ಲಿ ಕುಣಿಯುತ್ತ ಹೊರಬಂದ ಓರ್ಸೊಲಾ
ಬಿಲ್ಲೆ ಕೊಟ್ಟಳು, ಹನ್ನೊಂದು.
ಕೆರೆ ಏರಿ ಕಡೆಯ ಬೇಲಿಯಲ್ಲಿ ಕೆಂಪು ಹಣ್ಣು ಕಂಡು
ಕೂಸಿನ ಹಾಗೆ ಕಿರುಚಿದಳು. ಅವರೂರಲ್ಲಿ ಸುಲಿದು ತಿನ್ನುತ್ತಾರಂತೆ,
ಅದಕ್ಕೆ ಅವರಿಟ್ಟ ಹೆಸರು 'ಇಂಡಿಯಾದ ಅಂಜೂರ'.
ನಮ್ಮ ದನ ಕೂಡ ಮೂಸದ ಗಿಡ!
ನಾವದನ್ನು ಪಾಪಾಸುಕಳ್ಳಿ ಅಂತೀವಿ ಅನ್ನೋದನ್ನು
ಇಮ್ತಿಯಾಜನ ಬಾಯಲ್ಲಿ ಹೇಳಿಸಬೇಕೆಂದಿದ್ದೆ,
ಅಷ್ಟರಲ್ಲಿ ಬಸ್ಸು ಹಾರನ್ನು ಹೊಡೆಯಿತು.

ಹೋಗಲಿ.
ಈಗಿನ ಮಕ್ಕಳು ಯಾರೂ ಪಾಪಾಸು ಅನ್ನೋಲ್ಲ, ಚಪ್ಲಿ ಅಂತಾರೆ.
ಕಾಲು ಬಿಟ್ಟ ಮಾತು ಬೇಲಿ ಹತ್ತಿ ಕೂತಿದೆ,
ಅಟ್ಟೆಯಂಥ ಹಸಿರು, ಮೈತುಂಬ ಮೊಳೆ.

ಸಂಜೆ ಮನೆಗೆ ಬಂದು, ಡಾಕ್ಟರು ಹೇಳಿದ ರಬ್ಬರಿನದನ್ನು
ಅಡುಗೆಮನೆಯಲ್ಲೇ ಮೆಟ್ಟಿಕೊಂಡೆ, ಹಿಮ್ಮಡಿ ನೋವಿಗೆ.
ಅತ್ತೆ ಒಲೆ ಮುಂದಿನಿಂದ ಕೂಗಿದರು: 'ಏನೇ ಅದು ಕಾಲಲ್ಲಿ?'
ಇದ್ದಬದ್ದ ಧೈರ್ಯ ಕೂಡಿಸಿ
'ಬಬ್ಬೂಚ್ಚ' ಅಂದೆ.
ಹೊಸ ಔಷಧಿ ಇರಬೇಕೆಂದು ಸುಮ್ಮನಾದರು.